ತುಮಕೂರಿನ ಭಾನುವಾರದ ಕರೆಂಟ್ ಅಫೇರ್ಸ್ ಕ್ಲಾಸ್: ಪಾಠಕ್ಕೆ ಹೋಗಿ, ಬುಕ್‌ಲೆಟ್ ನಂಬಬೇಡಿ

ಕೆಎಎಸ್, ಪಿಡಿಒಗೆ ಓದುವವರು ತುಮಕೂರಿನಲ್ಲಿ ಯಾವ ಕ್ಲಾಸಿಗೆ ಸೇರೋದು ಅಂತ ಕೇಳುತ್ತಲೇ ಇರುತ್ತಾರೆ. ನಾನು ಗುಬ್ಬಿಯಿಂದ ಬಂದು ಹೋಗುವುದು ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದರ ಮೇಲೆ ನಡೆಯುವ ಭಾನುವಾರದ ಕ್ಲಾಸಿಗೆ. ಹೆಸರು ಹಾಕಲ್ಲ, ಬೈಯೋದೂ ಇದೆ.

ಪಾಠ ಮಾತ್ರ ಚೆನ್ನಾಗಿದೆ. ಥಾಯ್ಲೆಂಡ್ ಸರ್ಕಾರದ ಬಗ್ಗೆ ಮಾಡಿದ ಕ್ಲಾಸನ್ನೇ ತೆಗೆದುಕೊಳ್ಳಿ. 2025ರ ಆಗಸ್ಟ್ 29ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಪ್ರಧಾನಿ ಪೆಟೊಂಗ್ಟಾರ್ನ್ ಶಿನವತ್ರ ಅವರನ್ನು ಹುದ್ದೆಯಿಂದ ಇಳಿಸಿತು. ಗಡಿ ಜಗಳದ ಹೊತ್ತಿನಲ್ಲಿ ಕಾಂಬೋಡಿಯಾದ ಮಾಜಿ ಪ್ರಧಾನಿ ಹುನ್ ಸೇನ್ ಜೊತೆ ಫೋನಿನಲ್ಲಿ ಆಡಿದ ಮಾತು ಸೋರಿಕೆಯಾಗಿತ್ತು, ಅದಕ್ಕೆ. ಒಂದೇ ವಾರದಲ್ಲಿ, ಸೆಪ್ಟೆಂಬರ್ 5ಕ್ಕೆ, ಅನುತಿನ್ ಚಾರ್ನ್‌ವಿರಾಕುಲ್ ಆಯ್ಕೆಯಾದರು. ಇಷ್ಟು ಯಾವ ಗೈಡಿನಲ್ಲಾದರೂ ಸಿಗುತ್ತದೆ.

ಸಾರ್ ಬೋರ್ಡಿನ ಮೇಲೆ 71 ಅಂತ ಬರೆದರು. 500 ಸೀಟಿನ ಸದನದಲ್ಲಿ 2023ರಲ್ಲಿ ಅನುತಿನ್ ಅವರ ಭೂಮ್‌ಜೈಥಾಯ್ ಪಕ್ಷ ಗೆದ್ದಿದ್ದು ಇಷ್ಟೇ. ‘ಇಷ್ಟಿಟ್ಟುಕೊಂಡು ಪ್ರಧಾನಿ ಆಗಿದ್ದು ಹೇಗಪ್ಪಾ?’ ಹಿಂದಿನ ಬೆಂಚಿನಿಂದ ಒಬ್ಬ, ‘ನಮ್ ಕುಮಾರಣ್ಣ 37 ಇಟ್ಕೊಂಡು ಸಿಎಂ ಆಗ್ಲಿಲ್ವಾ ಸಾರ್?’ ಅಂದ. ಎಲ್ಲರೂ ನಕ್ಕರು. ಸಾರ್ ಗದರಲಿಲ್ಲ. ಅರ್ಧ ಸರಿ ಅಂದರು. 2018ರಲ್ಲಿ ಕಾಂಗ್ರೆಸ್ ಸರ್ಕಾರದ ಒಳಗೇ ಇತ್ತು, ನಮ್ಮ ಕೊರಟಗೆರೆಯ ಪರಮೇಶ್ವರ್ ಅವರೇ ಡಿಸಿಎಂ. ಬ್ಯಾಂಕಾಕಿನಲ್ಲಿ ಹಾಗಲ್ಲ. 143 ಸೀಟಿದ್ದ ಪೀಪಲ್ಸ್ ಪಾರ್ಟಿ ಅನುತಿನ್‌ಗೆ ವೋಟು ಹಾಕಿತು, ಒಂದೂ ಮಂತ್ರಿಗಿರಿ ತೆಗೆದುಕೊಳ್ಳದೆ ವಿರೋಧ ಪಕ್ಷದಲ್ಲೇ ಕೂತಿತು. 311 ವೋಟು ಬಿತ್ತು.

ಹಾಗಾದರೆ ಹೋಲಿಸಬೇಕಾದ್ದು 1996ರ ದೇವೇಗೌಡರ ಸರ್ಕಾರ. ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಟ್ಟು, ಮುಂದಿನ ವರ್ಷ ವಾಪಸ್ ತೆಗೆದುಕೊಂಡಿತು. (2019ರಲ್ಲಿ ಗೌಡರು ಸೋತಿದ್ದು ಇದೇ ತುಮಕೂರಿನಲ್ಲಿ. ಆ ಸುದ್ದಿ ಎತ್ತಿದರೆ ಕ್ಲಾಸು ಎರಡು ಹೋಳಾಗುತ್ತದೆ, ಸಾರ್ ಎತ್ತಲಿಲ್ಲ.) ಪೀಪಲ್ಸ್ ಪಾರ್ಟಿ ಮೊದಲೇ ಷರತ್ತು ಬರೆಸಿಕೊಂಡಿತ್ತು: ನಾಲ್ಕು ತಿಂಗಳೊಳಗೆ ಸದನ ವಿಸರ್ಜಿಸಬೇಕು, ಹೊಸ ಸಂವಿಧಾನದ ಕಡೆಗೆ ಹೆಜ್ಜೆ ಇಡಬೇಕು. 2025ರ ಡಿಸೆಂಬರ್‌ನಲ್ಲಿ ಸದನ ವಿಸರ್ಜನೆ ಆಗಿಯೂ ಹೋಯಿತು.

ಊಟದ ಹೊತ್ತಿಗೆ ತೂಕಡಿಸುತ್ತಿದ್ದವರನ್ನು ಎಬ್ಬಿಸಿದ್ದು ಸಮಕ್ ಸುಂದರವೇಜ್. ಪ್ರಧಾನಿಯಾಗಿದ್ದುಕೊಂಡು ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಮಾಡಿ ದುಡ್ಡು ತೆಗೆದುಕೊಂಡರು ಅಂತ 2008ರಲ್ಲಿ ಇದೇ ನ್ಯಾಯಾಲಯ ಅವರನ್ನು ಇಳಿಸಿತ್ತು. 2024ರಲ್ಲಿ ಇನ್ನೊಬ್ಬ ಪ್ರಧಾನಿ ಸ್ರೆತ್ತಾ ಥಾವಿಸಿನ್ ಹುದ್ದೆಯಿಂದ ಹೋಗಿದ್ದು ಜೈಲಿಗೆ ಹೋಗಿ ಬಂದಿದ್ದ ವಕೀಲನನ್ನು ಮಂತ್ರಿ ಮಾಡಿದ್ದಕ್ಕೆ.

ಈಗ ಬುಕ್‌ಲೆಟ್. ಅದನ್ನು ಬರೆಯುವುದು ಸಾರ್ ಅಲ್ಲ, ಆಫೀಸಿನವರು. ‘ಭೂಮ್‌ಜೈಥಾಯ್ ಮತ್ತು ಪೀಪಲ್ಸ್ ಪಾರ್ಟಿಗಳ ಸಮ್ಮಿಶ್ರ ಸರ್ಕಾರ’ ಅಂತ ಅಚ್ಚಾಗಿದೆ! ಸಾರ್ ಬೆಳಗೆಲ್ಲ ಗಂಟಲು ಹರಿದುಕೊಂಡು ಅಲ್ಲ ಅಂತ ಹೇಳಿದ್ದೇ ಅದು. ಟೆಸ್ಟಿನ ಕೀ ಉತ್ತರವೂ ಅದರ ಪ್ರಕಾರವೇ, ಸರಿಯಾಗಿ ಬರೆದ ನಮಗೆಲ್ಲ ಮಾರ್ಕ್ಸ್ ಕಟ್. ಕೌಂಟರಿನ ಮೇಡಂ ಹತ್ತಿರ ತೋರಿಸಿದರೆ, ‘ಮುಂದಿನ ತಿಂಗಳು ನೋಡೋಣ’ ಅಂದರು.

ಉಳಿದಂತೆ: ಮೈಕ್ ಕೊನೆ ಬೆಂಚಿಗೆ ಕೇಳಲ್ಲ, ಹೆಣ್ಣುಮಕ್ಕಳ ಟಾಯ್ಲೆಟ್‌ಗೆ ಯಾವಾಗಲೂ ಬೀಗ, ಕೀ ಕೆಳಗಿನ ಅಂಗಡಿಯಲ್ಲಿ. ತಿಂಗಳಿಗೆ 600 ರೂಪಾಯಿ, ಬುಕ್‌ಲೆಟ್ ಸೇರಿ. ಬುಕ್‌ಲೆಟ್ ಬೇಡ, ಪಾಠ ಮಾತ್ರ ಸಾಕು ಅಂದರೆ ಕಡಿಮೆ ಮಾಡಲ್ಲ, ಕೇಳಿ ನೋಡಿದ್ದೇನೆ.