ಸಿಡಿಲಿಗೆ ಫೈಬರ್ ಮೋಡೆಮ್ ಹೋಗಿದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ, ಮೊದಲು ಇದನ್ನು ಓದಿ

ಬರೆಯಲಿಕ್ಕೆ ನಾಚಿಕೆ ಆಗ್ತದೆ, ಆದರೂ ಬರೀತೇನೆ. ಮಂಗಳೂರಿನಲ್ಲಿ ಗುಡುಗು ಶುರುವಾದ ಕೂಡಲೇ ಇದೇ ಮಾತು ಇನ್ನೊಂದು ಮನೆಯಲ್ಲಿ ಕೇಳಿಬರುವುದು ಖಂಡಿತ.

3,200 ರೂಪಾಯಿ ಕೊಟ್ಟು "ಹೊಸ ಸೀಲ್ಡ್ ಪೀಸ್" ಅಂತ ತೆಗೆದುಕೊಂಡ ಮೋಡೆಮ್ ಯಾರೋ ಬಳಸಿ ಬಿಟ್ಟದ್ದು. ಬೋರ್ಡ್ ಸುಟ್ಟಿದೆ ಅಂತ ಹೇಳಿ ರಿಪೇರಿಗೆ ಕರೆಸಿದವ ಹೊತ್ತುಕೊಂಡು ಹೋದ ಹಳೆಯ ಮೋಡೆಮ್‌ಗೆ ಏನೂ ಆಗಿರಲಿಲ್ಲ. ಹೋದದ್ದು ಅಡಾಪ್ಟರ್. ಬರೀ ಅಡಾಪ್ಟರ್, ಮಾರಾಯ್ರೆ! 12 ವೋಲ್ಟ್ 1 ಆಂಪ್‌ನದ್ದು, ಇನ್ನೂರು ಮುನ್ನೂರು ರೂಪಾಯಿಗೆ ಸಿಗುವಂಥದ್ದು.

ಲಕ್ಷಣ ಇಷ್ಟೇ ಇತ್ತು: ಮೋಡೆಮ್‌ನ ದೀಪಗಳೆಲ್ಲ ಒಟ್ಟಿಗೆ ಆರುವುದು, ಮತ್ತೆ ಒಟ್ಟಿಗೆ ಹೊತ್ತುವುದು. ಒಂದೆರಡು ಫೋನ್ ವೈಫೈಗೆ ಸೇರಿದ ಕೂಡಲೇ ರೀಸ್ಟಾರ್ಟ್. ಅಡಾಪ್ಟರಿನೊಳಗಿನ ಕೆಪಾಸಿಟರ್ ಒಣಗಿದರೆ ಆಗುವುದು ಇದೇ. ಸುಮ್ಮನೆ ಇರುವಾಗ ವೋಲ್ಟೇಜ್ ಸರಿ ಇರ್ತದೆ, ವೈಫೈಗೆ ಕರೆಂಟ್ ಎಳೆದಾಗ ಕುಸೀತದೆ, ಮೋಡೆಮ್ ಮಲಗ್ತದೆ. ಆತ ಮಾಡಿದ್ದೇನು? ಅಡಾಪ್ಟರನ್ನು ಮೋಡೆಮ್‌ನಿಂದ ಕಿತ್ತು, ಪಿನ್ನಿಗೆ ಮಲ್ಟಿಮೀಟರ್ ಹಿಡಿದು, "ನೋಡಿ ಸರ್, 12 ವೋಲ್ಟ್ ಬರ್ತಾ ಉಂಟಲ್ಲ, ಅಡಾಪ್ಟರ್ ಸರಿ ಉಂಟು, ಬೋರ್ಡೇ ಹೋಗಿದೆ, ಸಿಡಿಲು" ಅಂದ. ಲೋಡ್ ಇಲ್ಲದೆ, ಅಂದರೆ ಯಾವುದಕ್ಕೂ ಸಿಕ್ಕಿಸದೆ ಅಳೆದರೆ ಸತ್ತುಹೋಗ್ತಿರುವ ಅಡಾಪ್ಟರೂ 12 ತೋರಿಸ್ತದೆ. ಆ ಕೆಲಸದಲ್ಲಿರುವವನಿಗೆ ಇದು ಗೊತ್ತಿಲ್ಲದೆ ಇರಲಿಕ್ಕೆ ಸಾಧ್ಯವೇ ಇಲ್ಲ. ಮೀಟರ್ ತೋರಿಸಿದ್ದು ಅಳೆಯಲಿಕ್ಕಲ್ಲ, ಬಾಯಿ ಮುಚ್ಚಿಸಲಿಕ್ಕೆ. ಸರಿಯಾದ ಪರೀಕ್ಷೆ ಅಂದರೆ ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿನ, ಪಿನ್ ಅಳತೆ ಮತ್ತು ಪ್ಲಸ್ ಮೈನಸ್ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದು. ಕೆಲವು ಸೆಟ್‌ಟಾಪ್ ಬಾಕ್ಸಿನದ್ದೇ ಆಗ್ತದೆ.

ಸಿಡಿಲಿನ ವಿಷಯವೂ ಹಾಗೆ. ಫೈಬರ್ ಒಳಗೆ ಇರುವುದು ಗಾಜು, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೆಯ ತಾಮ್ರದ ಟೆಲಿಫೋನ್ ಲೈನಿನ ಕಾಲದಲ್ಲಿ ಏಪ್ರಿಲ್, ಮೇ ಗುಡುಗಿಗೆ ಮೋಡೆಮ್ ಸುಡುತ್ತಿದ್ದದ್ದು ನಿಜ. ಈಗ ಏಟು ಬರುವುದಾದರೆ ಹೆಚ್ಚಾಗಿ ಪ್ಲಗ್‌ನಿಂದ ಅಥವಾ ಮೋಡೆಮ್‌ನಿಂದ ಕಂಪ್ಯೂಟರಿಗೆ ಉದ್ದ ಎಳೆದ ಲ್ಯಾನ್ ವಯರಿನಿಂದ. ಪ್ಲಗ್‌ನಿಂದ ಬಂದರೆ ಸಾಮಾನ್ಯವಾಗಿ ಮೊದಲು ಹೋಗುವುದು ಅಡಾಪ್ಟರೇ. ಲ್ಯಾನ್‌ನಿಂದ ಬಂದರೆ ಪೋರ್ಟ್ ಸಾಯ್ತದೆ, ವೈಫೈ ಬದುಕಿರಬಹುದು.

ಈಗ ಮುಖ್ಯ ಮೋಸಕ್ಕೆ ಬರ್ತೇನೆ. ಹೊಸ ಪೆಟ್ಟಿಗೆ ಹಾಕಿದ. ಪಾನ್ ದೀಪ (ಫೈಬರ್ ಲೈನಿಗೆ ಸೇರಿತೋ ಅಂತ ತೋರಿಸುವ ದೀಪ) ಮಿಣುಕುತ್ತಲೇ ಇತ್ತು, ಮಿಣುಕದೆ ಹೊತ್ತಿ ನಿಲ್ಲಲೇ ಇಲ್ಲ. "ಕಂಪನಿಯವರು ಆಕ್ಟಿವೇಟ್ ಮಾಡಬೇಕು ಸರ್, ನಾಳೆ ಆಗ್ತದೆ" ಅಂತ ಹೇಳಿ ದುಡ್ಡು ತೆಗೆದುಕೊಂಡು ಹೋದ. ಆಮೇಲೆ ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಹೊಸ ಮೋಡೆಮ್ ಕೂಗ್ತಾ ಇರುವುದು ಬೇರೆ ಯಾರದೋ ಮನೆಯ ಹೆಸರು! ಸೀಲ್ಡ್ ಪೀಸ್‌ಗೆ ಮನೆಯ ಹೆಸರು ಎಲ್ಲಿಂದ ಬಂತು?

ಸರ್ವಿಸ್ ಕೊಡುವವರಿಗೆ ಫೋನ್ ಮಾಡಿ ಅಡಿಯ ಸ್ಟಿಕ್ಕರಿನ ಸೀರಿಯಲ್ ನಂಬರ್ ಓದಿದರೆ ಅವರು, "ನೀವು ಹೇಳಿದ ನಂಬರ್ ಇಲ್ಲಿ ಬರ್ತಾ ಇಲ್ಲ, ನಿಮ್ಮ ಲೈನಿನಲ್ಲಿ ಬೇರೆ ಒಂದು ನಂಬರ್ ಕಾಣ್ತಾ ಉಂಟು" ಅಂದರು. ಪೆಟ್ಟಿಗೆ ತಿರುಗಿಸಿ ಸ್ಟಿಕ್ಕರಿನ ಮೂಲೆ ಉಗುರಿನಲ್ಲಿ ಎಬ್ಬಿಸಿದರೆ ಕೆಳಗೆ ಇನ್ನೊಂದು ಸ್ಟಿಕ್ಕರ್. ಅಂಚು ಹಳದಿಯಾದದ್ದು, ಅರ್ಧ ಕೆರೆದದ್ದು. ಅದರಲ್ಲಿ ಬೇರೆಯೇ ನಂಬರ್. ಅಲ್ಲಿ ಗೊತ್ತಾಯ್ತು.

ಗೊತ್ತಿಲ್ಲದವರಿಗೆ: ಜಿಪಾನ್ ಅಂದರೆ ಮನೆಗೆ ಬರುವ ಫೈಬರ್ ಲೈನಿನ ಒಂದು ಬಗೆ, ಅದರಲ್ಲಿ ಮೋಡೆಮ್ ತನ್ನ ಸೀರಿಯಲ್ ನಂಬರ್ ಹೇಳಿಕೊಳ್ತದೆ. ಮೊದಲ ನಾಲ್ಕು ಅಕ್ಷರ ತಯಾರಕರ ಗುರುತು, ಆಮೇಲೆ ಎಂಟು ಅಂಕಿ ಅಕ್ಷರ. ಸಾಮಾನ್ಯವಾಗಿ ಆ ನಂಬರನ್ನು ಆಚೆ ತುದಿಯ, ಸರ್ವಿಸ್‌ನವರ ಯಂತ್ರದಲ್ಲಿ ಸೇರಿಸಿದರೆ ಮಾತ್ರ ಪಾನ್ ದೀಪ ಹೊತ್ತಿ ನಿಲ್ತದೆ. ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಸೀರಿಯಲ್ ಬದಲಾಗುವುದಿಲ್ಲ, ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ಸರ್ವಿಸ್‌ನವರು ಕೊಡುವ ಲೈನ್ ನಂಬರ್) ಅಳಿಸಿಹೋಗ್ತದೆ ಅಷ್ಟೇ. ಸ್ಟಿಕ್ಕರ್ ನಂಬಬೇಡಿ, ಬ್ರೌಸರಿನಲ್ಲಿ 192.168.1.1 (ಹೆಚ್ಚಿನ ಮೋಡೆಮ್‌ಗಳ ಸೆಟ್ಟಿಂಗ್ ಪುಟದ ವಿಳಾಸ) ತೆರೆದು ಒಳಗಿನ ಡಿವೈಸ್ ಪುಟದ ನಂಬರಿಗೆ ಹೋಲಿಸಿ. ಎರಡು ಬೇರೆ ಇದ್ದರೆ ಅಲ್ಲಿಗೇ ಹಿಂದೆ ಕೊಡಿ. ಇನ್ನೊಂದು ಕಂಪನಿಯ ಲೋಗೋ ಕಂಡರೆ ಅದು ಲಾಕ್ ಆದ ಪೀಸ್ ಇರಬಹುದು, ನಿಮ್ಮ ಸೆಟ್ಟಿಂಗ್ ಹಾಕಲಿಕ್ಕೇ ಬಿಡದು. ಇಪಾನ್ ಅಂತ ಇನ್ನೊಂದು ಬಗೆಯ ಫೈಬರ್ ಲೈನಿನ ಪೆಟ್ಟಿಗೆ ಜಿಪಾನ್ ಲೈನಿಗೆ ಆಗುವುದೇ ಇಲ್ಲ, ಎರಡಕ್ಕೂ ಆಗುವ ಎಕ್ಸ್‌ಪಾನ್ ಬೇರೆ.

ಅವನ ಉತ್ತರಗಳನ್ನು ಕೇಳಿ. ವೈಫೈ ಹೆಸರಿನ ಫೋಟೋ ಕಳಿಸಿದ್ದಕ್ಕೆ, "ಕಂಪನಿಯಲ್ಲಿ ಟೆಸ್ಟ್ ಮಾಡಿರ್ತಾರೆ ಸರ್." ಸ್ಟಿಕ್ಕರಿಗೆ, "ಈಗ ಎಲ್ಲ ಕಂಪನಿಯವರೂ ಎರಡು ಸ್ಟಿಕ್ಕರ್ ಹಾಕ್ತಾರೆ." ವಾಪಸ್ ಕೊಡ್ತೇನೆ ಅಂದದ್ದಕ್ಕೆ, "ರೀಸೆಟ್ ಮಾಡಿದ್ದೀರಿ, ವಾರಂಟಿ ಹೋಯ್ತು." ರೀಸೆಟ್ ಮಾಡಿ ಅಂತ ಫೋನಿನಲ್ಲಿ ಹೇಳಿದ್ದೂ ಇವನೇ! ಬಿಲ್ ಕೇಳಿದರೆ, "ಬಿಲ್ ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಎಕ್ಸ್‌ಟ್ರಾ ಆಗ್ತದೆ, ಮೊದಲೇ ಹೇಳಬೇಕಿತ್ತು." ಎಂತ ಧೈರ್ಯ ನೋಡಿ.

ಹಳೆಯ ಮೋಡೆಮ್ ಡೆಪಾಸಿಟ್ ಕೊಟ್ಟು ತಂದದ್ದು, ಸರ್ವಿಸ್‌ನವರ ಸೊತ್ತು, ಕನೆಕ್ಷನ್ ಬಿಡುವಾಗ ವಾಪಸ್ ಕೊಡಬೇಕು. ಅದನ್ನು "ಎಕ್ಸ್‌ಚೇಂಜ್" ಅಂತ ಒಯ್ದಿದ್ದ. ಗಲಾಟೆ ಮಾಡಿ ತರಿಸಿ ಬೇರೆ ಅಡಾಪ್ಟರ್ ಸಿಕ್ಕಿಸಿದರೆ ಪಾನ್ ದೀಪ ಹಸಿರಾಗಿ ನಿಂತಿತು, ನೆಟ್ ಬಂತು. ಯಾರೂ ಆಕ್ಟಿವೇಟ್ ಮಾಡಬೇಕಾಗಿರಲಿಲ್ಲ. ಏನೂ ಮಾಡಬೇಕಾಗಿರಲಿಲ್ಲ!

ಹಾಗಾಗಿ ಯಾರನ್ನಾದರೂ ಕರೆಯುವ ಮೊದಲು ದೀಪ ನೋಡಿ, ಫೋಟೋ ತೆಗೆದಿಡಿ. ಎಲ್ಲ ಒಟ್ಟಿಗೆ ಆರಿ ಹೊತ್ತಿದರೆ ಮೊದಲ ಸಂಶಯ ಅಡಾಪ್ಟರ್ ಮೇಲೆ. ಎಲ್‌ಓಎಸ್ ಅಂತ ಬರೆದ ದೀಪ ಕೆಂಪಾದರೆ ಫೈಬರ್‌ನಲ್ಲಿ ಬೆಳಕೇ ಬರ್ತಾ ಇಲ್ಲ: ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾಗಿರಬಹುದು, ಅಳಿಲು ಕಡಿದಿರಬಹುದು, ಕಪಾಟಿನ ಹಿಂದೆ ವಯರ್ ಮಡಚಿರಬಹುದು, ಅದಕ್ಕೆ ಹೊಸ ಮೋಡೆಮ್ ಮದ್ದಲ್ಲ. ಪಾನ್ ಹೊತ್ತಿ ನಿಂತು ಇಂಟರ್ನೆಟ್ ದೀಪ ಮಾತ್ರ ಇಲ್ಲದಿದ್ದರೆ ಹೆಚ್ಚಾಗಿ ಯೂಸರ್‌ನೇಮ್, ಪಾಸ್‌ವರ್ಡ್ ಅಥವಾ ಕಟ್ಟದ ಬಿಲ್. ಅದೇ 192.168.1.1ರಲ್ಲಿ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ ಕೂಡ ಸಿಗ್ತದೆ, ಅದರ ಅಳತೆ ಡಿಬಿಎಂ. ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಇರಬೇಕು. ಮೈನಸ್ 25ಕ್ಕಿಂತ ಕೆಳಗೆ ಇಳಿದಿದ್ದರೆ ಎಲ್ಲೋ ಜಾಯಿಂಟ್ ಕೆಟ್ಟಿರಬಹುದು, ಮಳೆಗಾಲದಲ್ಲಿ ಜಾಯಿಂಟ್ ಬಾಕ್ಸಿಗೆ ನೀರು ಇಳಿದಿರಲೂಬಹುದು. ಫೈಬರ್ ತುದಿ ಎಳೆದು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಹಾನಿ ಮಾಡಬಹುದು. ಕನೆಕ್ಟರ್ ಹಸಿರಿದ್ದರೆ ಹಸಿರಿಗೇ ಹಾಕಿ, ನೀಲಿಗೆ ತುರುಕಬೇಡಿ.

ಬಿಲ್ ಇಲ್ಲದೆ ಏನನ್ನೂ ತೆಗೆದುಕೊಳ್ಳಬೇಡಿ, ಹಳೆಯದನ್ನು ಕೈಬಿಡಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ಚಾಟ್ ಮತ್ತು ಯುಪಿಐ ರಸೀದಿ ಇಟ್ಟುಕೊಂಡದ್ದು ಈಗ ಉಪಯೋಗಕ್ಕೆ ಬಂತು. ದುಡ್ಡು ಮಾತ್ರ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ಬಂದ ಮೆಸೇಜ್: "ಮಳೆ ಸ್ವಲ್ಪ ಬಿಡಲಿ ಸರ್, ನೋಡುವ."