ಫೋನ್‌ನೊಳಗಿನ ಆ್ಯಪ್ ಟೈಮರ್: ಎರಡು ವರ್ಷ ಬಳಸಿದ ಮೇಲೆ

ಫೋನ್ ಸೆಟ್ಟಿಂಗ್ಸ್‌ನಲ್ಲೇ ಇರುವ ಆ್ಯಪ್ ಟೈಮರ್ ಬಗ್ಗೆ ಇದು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಈ ಸೌಲಭ್ಯ ಬಂದದ್ದು 2018ರಲ್ಲಿ. ದುಡ್ಡು ಕೊಡಬೇಕಿಲ್ಲ. ಯಾವ ಆ್ಯಪ್‌ಗೆ ದಿನಕ್ಕೆ ಎಷ್ಟು ನಿಮಿಷ ಅಂತ ನಾವೇ ಗೊತ್ತು ಮಾಡಬೇಕು. ಹೊತ್ತು ಮುಗಿದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ.

ನಾನು ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುವವಳು. ಸಣ್ಣ ವಿಡಿಯೊ ಆ್ಯಪ್‌ಗೆ ಟೈಮರ್ ಹಾಕಿದ ಮೇಲೆ ಹೋಗುವಾಗಿನ ಹೊತ್ತು ನನಗೆ ವಾಪಸ್ ಸಿಕ್ಕಿದೆ. ಇದು ಸಣ್ಣ ಲಾಭ ಅಲ್ಲ. ಜೊತೆಗೆ ಸ್ಕ್ರೀನನ್ನು ಕಪ್ಪು-ಬಿಳುಪು ಮಾಡಿಟ್ಟರೆ ಇನ್ನೂ ಒಳ್ಳೆಯದು, ಬಣ್ಣ ಹೋದರೆ ವಿಡಿಯೊ ನೋಡುವ ಆಸೆಯೇ ಅರ್ಧ ಇಳಿಯುತ್ತದೆ. ತಂಗಿ ಸೀರೆ ಫೋಟೊ ಕಳಿಸಿದಾಗ ಮಾತ್ರ ಬಣ್ಣ ವಾಪಸ್ ತರಬೇಕು, ಅಷ್ಟೇ ತೊಂದರೆ.

ಕೊರತೆ ಬೇರೆ ಕಡೆ ಇದೆ. ಮೊನ್ನೆ ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗ ಕೂತಿದ್ದ. ಪಾಂಡವಪುರ ದಾಟುವಾಗ ಅವನ ಟೈಮರ್ ಮುಗಿಯಿತು. ಸೆಟ್ಟಿಂಗ್ಸ್‌ಗೆ ಹೋದ, ಟೈಮರ್ ಅಳಿಸಿದ, ಮತ್ತೆ ಅದೇ ವಿಡಿಯೊಗೆ ಬಂದ. ಯಲಿಯೂರು ಬರುವಷ್ಟರಲ್ಲಿ ಹೆಬ್ಬೆರಳು ಮೊದಲಿನ ಹಾಗೇ ಓಡುತ್ತಿತ್ತು. ಅವನಿಗೆ ಮನಸ್ಸು ಗಟ್ಟಿ ಇಲ್ಲ ಅಂತ ಬೈಯುವುದು ಸುಲಭ. ನಾನು ಒಪ್ಪುವುದಿಲ್ಲ. ಪುಟಕ್ಕೆ ಕೊನೆಯೇ ಇಲ್ಲದ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಪುಟ ಮುಗಿದರೆ ಫೋನ್ ಕೆಳಗಿಡಲು ಒಂದು ನೆಪ ಸಿಗುತ್ತದೆ, ಅಲ್ವಾ? ಆ ನೆಪವನ್ನೇ ತೆಗೆದುಹಾಕಿದ್ದಾರೆ. ಮುಂದಿನ ವಿಡಿಯೊ ಚೆನ್ನಾಗಿರಬಹುದು, ಇಲ್ಲದಿರಬಹುದು. ಈ ಅನುಮಾನವೇ ಕೈಯನ್ನು ಬಿಡುವುದಿಲ್ಲ. ಒಂದು ಕಡೆ ನೋಡುವವರ ಹೊತ್ತನ್ನು ಜಾಹೀರಾತಿಗೆ ಮಾರುವ ಕಂಪನಿಗಳು, ಇನ್ನೊಂದು ಕಡೆ ಹದಿನೆಂಟರ ಹುಡುಗ ಮತ್ತು ಒಂದು ಟೈಮರ್. ಇದು ನ್ಯಾಯ ಅಲ್ಲ.

ತಾನಾಗಿ ಓಡುವ ವಿಡಿಯೊ, ಕೊನೆಯಿಲ್ಲದ ಸ್ಕ್ರೋಲ್ ಮೊದಲಿನಿಂದಲೇ ಆಫ್ ಆಗಿರಬೇಕು. ಬೇಕಾದವರು ಆನ್ ಮಾಡಿಕೊಳ್ಳಲಿ. ಈಗ ಎಲ್ಲಾ ಉಲ್ಟಾ ಇದೆ.

ಇನ್ನೊಂದು ಕೊರತೆ: ಟೈಮರ್ ಇಡೀ ಆ್ಯಪ್ ಮುಚ್ಚುತ್ತದೆ. ಪಾಠದ ವಿಡಿಯೊ ಯಾವುದು, ಸುಮ್ನೆ ನೋಡುವುದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ ಇದರಿಂದ ಕಷ್ಟ.

ಆದರೂ ದೊಡ್ಡವರು ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ. ಮಕ್ಕಳ ಫೋನ್ ಆದರೆ ಪೇರೆಂಟಲ್ ಕಂಟ್ರೋಲ್ ಹಾಕಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ಯಾಕೆ ಅಂತ ಅವರಿಗೆ ಕೂರಿಸಿ ಹೇಳಿ. ಇದರಿಂದಲೂ ಆಗದಷ್ಟು ಅಂಟಿಕೊಂಡವರು ಮನೆಯಲ್ಲಿದ್ದರೆ ಬೈದು ಫೋನ್ ಕಿತ್ತುಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಕರೆದುಕೊಂಡು ಹೋಗಿ.