ಕಂಪನಿ ಸಿಸ್ಟಮ್, ಸೆಕೆಂಡ್ ಹ್ಯಾಂಡ್ ಡಬ್ಬ, ಅಸೆಂಬಲ್ಡ್: ಮೂರನ್ನೂ ಬಿಚ್ಚಿ ನೋಡಿದ್ದು

ನಮ್ಮ ಕಲಬುರಗಿಯಲ್ಲಿ ಕಂಪ್ಯೂಟರ್‌ ಒಳಗೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹೋಗಿ ಬಂದು ಮಾಡುವ ಕರೆಂಟು. ನೆಹರು ಗಂಜ್ ಕಡೆ ಅಂಗಡಿ ಇದ್ದರೆ ತೊಗರಿ ಧೂಳು ಬೇರೆ. ಹಾಗಾಗಿ ಪ್ರೊಸೆಸರ್ ಯಾವುದಾದರೂ ಇರಲಿ, ಎಸ್‌ಎಂಪಿಎಸ್ ಸುಟ್ಟರೆ ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ಸಂಜೆಯೊಳಗೆ ಇನ್ನೊಂದು ಸಿಗಬೇಕು. ನನ್ನ ಅಳತೆಗೋಲು ಇಷ್ಟೇ.

ಅಣ್ಣನ ದಲಾಲಿ ಅಂಗಡಿಯಲ್ಲಿ ಇರುವುದು ಕಂಪನಿ ಸಿಸ್ಟಮ್, ಅಂದರೆ ಬ್ರ್ಯಾಂಡಿನವರೇ ಜೋಡಿಸಿ ಮಾರುವುದು, ಸೆಕೆಂಡ್ ಹ್ಯಾಂಡ್ ಅಲ್ಲ. ಮನೆಯಲ್ಲಿ ಮಕ್ಕಳಿಗೆ ಆಫೀಸುಗಳಿಂದ ಬರುವ ಸಣ್ಣ ರಿಫರ್ಬಿಶ್ಡ್ ಡಬ್ಬ, ಅಂದರೆ ಸರಿಮಾಡಿ ಮಾರುವ ಸೆಕೆಂಡ್ ಹ್ಯಾಂಡ್ ಕಂಪನಿ ಸಿಸ್ಟಮ್. ನನ್ನ ಡಿಟಿಪಿ ಕೆಲಸಕ್ಕೆ ಇಲ್ಲೇ ಜೋಡಿಸಿಕೊಂಡ ಅಸೆಂಬಲ್ಡ್.

ರ‍್ಯಾಮ್, ಎಸ್‌ಎಸ್‌ಡಿ ವಿಷಯದಲ್ಲಿ ಮೂರಕ್ಕೂ ತಕರಾರಿಲ್ಲ. ಡೆಸ್ಕ್‌ಟಾಪಿನ ಡಿಡಿಆರ್4 ನಮೂನೆಯ ರ‍್ಯಾಮ್ ಎಂದರೆ 288 ಪಿನ್, ಯಾವ ಬ್ರ್ಯಾಂಡ್ ಆದರೂ ಕೂರುತ್ತದೆ. ತೀರಾ ಪುಟ್ಟ ಡಬ್ಬಗಳಲ್ಲಿ ಮಾತ್ರ ಲ್ಯಾಪ್‌ಟಾಪಿನ 260 ಪಿನ್ನಿನದು ಬೇಕು.

ಅಂಗಡಿಯ ಕಂಪನಿ ಸಿಸ್ಟಮ್ ಹೊರಗಿನಿಂದ ಸಾದಾ ಟವರ್ ಥರವೇ ಕಾಣುತ್ತದೆ. ಬಿಚ್ಚಿದರೆ ಕಥೆ ಬೇರೆ. ಮದರ್‌ಬೋರ್ಡಿಗೆ ಹೋಗುವ ಮುಖ್ಯ ವೈರಿಗೆ 24 ಪಿನ್ ಇರಬೇಕಿತ್ತು, ಇದರಲ್ಲಿ ಸಣ್ಣದೊಂದು ಪ್ಲಗ್. ಹಾರ್ಡ್ ಡಿಸ್ಕಿಗೂ ಕರೆಂಟು ಬೋರ್ಡಿನಿಂದಲೇ ಹೋಗುತ್ತದೆ. ಎಸ್‌ಎಂಪಿಎಸ್ ಹೋದಾಗ ರಿಪೇರಿಯವರು ನೋಡಿದ ಕೂಡಲೇ, ‘ಇದು ಇಲ್ಲಿ ಸಿಗಂಗಿಲ್ರಿ, ಹೈದ್ರಾಬಾದಿಂದ ತರಿಸ್ಬೇಕು’ ಎಂದರು. ಸುಗ್ಗಿಯ ಹೊತ್ತು, ಬಿಲ್ಲೆಲ್ಲಾ ಕೈಯಲ್ಲಿ ಬರೆದದ್ದಾಯಿತು. ಆನ್‌ಲೈನಲ್ಲಿ ಕನ್ವರ್ಟರ್ ವೈರ್ ಸಿಗುತ್ತದೆ ನಿಜ. ಆದರೆ ಅದು ಮಾಡೆಲ್ಲಿಗೊಂದು ಥರ, ಪಿನ್ನಿನ ಕ್ರಮ ತಪ್ಪಿದರೆ ಬೋರ್ಡೇ ಸುಡಬಹುದು. ಮಾಮೂಲಿ ಎಸ್‌ಎಂಪಿಎಸ್ ಆ ಕ್ಯಾಬಿನೆಟ್ಟಿನಲ್ಲಿ ಹಿಡಿಯುವುದೂ ಇಲ್ಲ, ಹೊರಗೆ ಇಟ್ಟುಕೊಂಡು ಓಡಿಸಬೇಕು. ಬೋರ್ಡ್ ಬದಲಿಸೋಣ ಅಂದರೆ ಪವರ್ ಬಟನ್ನಿನ ವೈರೂ ಅವರದೇ ನಮೂನೆಯದು. ಜೊತೆಗೆ ಬಂದ ವಿಂಡೋಸ್ ಲೈಸೆನ್ಸ್ ಆ ಬೋರ್ಡಿಗೇ ಅಂಟಿಕೊಂಡಿದೆ. ವಾರಂಟಿ ಇರುವವರೆಗೆ ಇದ್ಯಾವುದೂ ತಲೆನೋವಲ್ಲ, ಅವರೇ ಬಂದು ಹಾಕಿ ಹೋಗುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ.

ರಿಫರ್ಬಿಶ್ಡ್ ಡಬ್ಬದ ಒಳಗೂ ಬಿಡಿಭಾಗಗಳು ಕಂಪನಿಯವೇ. ಆದರೂ ಅದರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸ್ಕ್ರೂಡ್ರೈವರ್ ಇಲ್ಲದೆ ಮುಚ್ಚಳ ತೆಗೆಯಬಹುದು, ಸರ್ವಿಸ್ ಮ್ಯಾನುಯಲ್ ನೆಟ್ಟಿನಲ್ಲಿ ಸಿಗುತ್ತದೆ. ಅದೇ ಮಾಡೆಲ್ ಆಫೀಸುಗಳಿಂದ ರಾಶಿರಾಶಿ ಹೊರಬೀಳುವುದರಿಂದ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್‌ನಂಥ ಕಡೆ ಹಳೇ ಎಸ್‌ಎಂಪಿಎಸ್ ಹುಡುಕಿದರೆ ಸಿಗುತ್ತದೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಮಾತ್ರ ಬೇಡ. ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ. ಕಾರ್ಡ್ ಕೂರಿಸುವ ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್, ಬೇರೆ ಪವರ್ ವೈರ್ ಇರುವುದಿಲ್ಲ.

ಅಸೆಂಬಲ್ಡ್ ಬಗ್ಗೆ ಹೇಳುವುದು ಕಡಿಮೆ. ಎಲ್ಲ ಬ್ರ್ಯಾಂಡಿನ ಬೋರ್ಡ್, ಕ್ಯಾಬಿನೆಟ್, ಎಸ್‌ಎಂಪಿಎಸ್ ಒಂದಕ್ಕೊಂದು ಹೊಂದುವಂತೆ ಮಾಡುವ ಎಟಿಎಕ್ಸ್ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು, ಸ್ಕ್ರೂ ತೂತಿನ ಜಾಗ ಇವತ್ತಿಗೂ ಬಹುತೇಕ ಅದೇ. ನನ್ನದರ ಎಸ್‌ಎಂಪಿಎಸ್ ಹೋದ ದಿನವೇ ಬೇರೆ ಬ್ರ್ಯಾಂಡಿನದು ಹಾಕಿಸಿ ರಾತ್ರಿ ಲಗ್ನಪತ್ರಿಕೆ ಮುಗಿಸಿದೆ. ಆದರೆ ಅಂಗಡಿಯವರು ಕ್ಯಾಬಿನೆಟ್ ಜೊತೆ ಸುಮ್ನೆ ಸೇರಿಸಿ ಕೊಡುವ ಹಗುರ ಎಸ್‌ಎಂಪಿಎಸ್ ಬೇಡ, ಅದಕ್ಕೆ ಬೇರೆಯಾಗಿ ದುಡ್ಡು ಹಾಕಿ. ವಾರಂಟಿಯೂ ಒಂದೊಂದು ಪಾರ್ಟಿಗೆ ಒಂದೊಂದು ಕಡೆ, ಬಿಲ್ಲುಗಳನ್ನು ಜೋಪಾನ ಮಾಡಬೇಕು.

ಅಣ್ಣನಿಗೆ ಮುಂದಿನದು ಅಸೆಂಬಲ್ಡೇ ಎಂದಿದ್ದೇನೆ. ಇಲ್ಲ, ಕಂಪನಿಯದೇ ಬೇಕು ಎನ್ನುವವರು ಕೊಳ್ಳುವ ಮುಂಚೆ ಹಿಂಬದಿಗೆ ಸ್ಕೇಲ್ ಹಿಡಿಯಿರಿ. ಎಸ್‌ಎಂಪಿಎಸ್ 15 ಸೆಂ.ಮೀ. ಅಗಲ, 8.6 ಸೆಂ.ಮೀ. ಎತ್ತರ ಇದ್ದರೆ ಅಳತೆ ಮಾಮೂಲಿಯದು. ಆಮೇಲೆ ಪಕ್ಕದ ಮುಚ್ಚಳ ತೆಗೆಸಿ ಮುಖ್ಯ ಪ್ಲಗ್ಗಿನ ಪಿನ್ ಎಣಿಸಿ, 24 ಇರಬೇಕು. ತೆಗೆಯಲು ಅಂಗಡಿಯವರು ಒಪ್ಪದಿದ್ದರೆ ಅದೇ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಮೊಬೈಲಿನಲ್ಲಿ ತೆರೆದರೆ ಚಿತ್ರವೇ ಸಿಗುತ್ತದೆ.